1996ರಲ್ಲಿ ಜ್ಯೋತಿ ಬಸು ಪ್ರಧಾನಿ ಆಗಬೇಕಿತ್ತೇ?

ಪರ: ಆಗಲೇಬೇಕಿತ್ತು

1996ರ ಮೇ ತಿಂಗಳು. ಲೋಕಸಭೆಯಲ್ಲಿ ಯಾರಿಗೂ ಬಹುಮತ ಇರಲಿಲ್ಲ. ಪ್ರಧಾನಿಯಾಗಲು ಮಾಜಿ ಪ್ರಧಾನಿ ವಿ.ಪಿ. ಸಿಂಗ್ ಒಲ್ಲೆ ಎಂದರು. ಆಗ ಕಾಂಗ್ರೆಸ್, ಬಿಜೆಪಿ ಎರಡೂ ಅಲ್ಲದ ತೃತೀಯ ರಂಗದವರು ಕೇಳಿದ್ದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ (ಸಿಪಿಎಂ) ಜ್ಯೋತಿ ಬಸು ಅವರನ್ನು. ಸಿಪಿಎಂ ಕೇಂದ್ರ ಸಮಿತಿ ಬೇಡ ಎಂದಿತು. ಪ್ರಧಾನ ಕಾರ್ಯದರ್ಶಿ ಸುರ್ಜಿತ್ ಅವರೇ ಬಸು ಪರ ಇದ್ದರೂ ಮಾತು ನಡೆಯಲಿಲ್ಲ. ಕೊನೆಗೆ ಆ ಕುರ್ಚಿ ನಮ್ಮ ದೇವೇಗೌಡರಿಗೆ ಬಂತು. ಹಾಸನದ ರೈತನ ಮಗ ಪ್ರಧಾನಿಯಾದ ಹೆಮ್ಮೆ ನನಗೂ ಇದೆ. ಆದರೂ ಬಸು ತಪ್ಪಿಹೋದದ್ದು ದೇಶಕ್ಕೆ ನಷ್ಟವೇ.

ಹಲವು ಪಕ್ಷಗಳನ್ನು ಕೂಡಿಸಿಕೊಂಡು ಆಳುವುದು ಅವರಿಗೆ ಗೊತ್ತಿತ್ತು. 1977ರಿಂದ ಬಂಗಾಳದಲ್ಲಿ ಎಡಪಕ್ಷಗಳ ಕೂಟವಾದ ಎಡರಂಗವನ್ನು ಒಡೆಯದಂತೆ ನಡೆಸಿದವರು ಅವರು. ಅದಕ್ಕಿಂತ ದೊಡ್ಡದು ಆಪರೇಷನ್ ಬರ್ಗಾ. ಬಂಗಾಳದಲ್ಲಿ ಪಾಲಿಗೆ ಉಳುವವನನ್ನು ಬರ್ಗಾದಾರ ಅನ್ನುತ್ತಾರೆ. ಕಾನೂನಿನಲ್ಲಿ ಅವನಿಗೆ ಹಕ್ಕಿತ್ತು, ದಾಖಲೆಯಲ್ಲಿ ಹೆಸರಿರಲಿಲ್ಲ. ಒಡೆಯ ಬಿಟ್ಟುಹೋಗು ಅಂದರೆ ಹೋಗಬೇಕು. 1978ರಿಂದ ಅಧಿಕಾರಿಗಳೇ ಹಳ್ಳಿಗೆ ಹೋದರು. ಜನರನ್ನು ಸೇರಿಸಿ, ಎಲ್ಲರ ಎದುರೇ ಹೆಸರು ಬರೆದುಕೊಂಡರು. ಹೀಗೆ ದಾಖಲಾದವರ ಸಂಖ್ಯೆ 10 ಲಕ್ಷ ದಾಟಿತು. ಇಂಥ ಕೆಲಸ ಮಾಡಿಸಿದವರು ದೆಹಲಿಯಲ್ಲಿ ಒಂದೇ ವರ್ಷ ಕೂತಿದ್ದರೂ ಉಳುವವರ ಗೋಳು ಕೇಳುವವರು ಅಲ್ಲಿ ಇರುತ್ತಿದ್ದರು. ಪಕ್ಷದ ತೀರ್ಮಾನವನ್ನು ಐತಿಹಾಸಿಕ ಪ್ರಮಾದ ಎಂದು ಬಸು ಅವರೇ ಆಮೇಲೆ ಹೇಳಿದರು.

ವಿರೋಧ: ಪಕ್ಷ ತಡೆದದ್ದು ಸರಿ

543ರಲ್ಲಿ 32. ಸಿಪಿಎಂಗೆ ಇದ್ದದ್ದು ಅಷ್ಟೇ. ಸರ್ಕಾರದ ಜುಟ್ಟು ಹೊರಗಿಂದ ಬೆಂಬಲ ಕೊಡುವ ಕಾಂಗ್ರೆಸ್ ಕೈಲಿ. ಹಿಂದೆ ಪ್ರಧಾನಿಗಳಾಗಿದ್ದ ಚರಣ್ ಸಿಂಗ್, ಚಂದ್ರಶೇಖರ್ ಇದೇ ಬೆಂಬಲ ನಂಬಿ ಕೆಟ್ಟವರು, ಅಲ್ವಾ? ದೇವೇಗೌಡರಿಗೂ 11 ತಿಂಗಳು ತುಂಬಲಿಲ್ಲ. ಬಸು ಇದ್ದಿದ್ದರೆ ಕಾಂಗ್ರೆಸ್ ಜಾಸ್ತಿ ದಿನ ಸುಮ್ನೆ ಇರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಬರ್ಗಾದಾರರ ಹೆಸರು ಬರೆಸಿದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅದು ಆದದ್ದು ವಿಧಾನಸಭೆಯಲ್ಲಿ ಸ್ವಂತ ಬಲ ಇದ್ದದ್ದರಿಂದ, ಹಳ್ಳಿಗಳಲ್ಲಿ ಪಕ್ಷದ ರೈತ ಸಂಘಟನೆ ಕಿಸಾನ್ ಸಭಾ ಬೇರು ಬಿಟ್ಟಿದ್ದರಿಂದ. ದೆಹಲಿಯಲ್ಲಿ ಇವೆರಡೂ ಇರಲಿಲ್ಲ. 1997ರ ಬಜೆಟ್‌ನಲ್ಲಿ ದೇವೇಗೌಡರ ಹಣಕಾಸು ಸಚಿವ ಚಿದಂಬರಂ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 40ರಿಂದ 30ಕ್ಕೆ ಇಳಿಸಿದರು. ಅಂಥ ಬಜೆಟ್‌ಗೆ ಬಸು ತಲೆಯಾಡಿಸಬೇಕಾಗುತ್ತಿತ್ತು. ರೈಲ್ವೆ ಕಾರ್ಮಿಕರ ನಡುವೆ ದುಡಿದು, 1946ರಲ್ಲಿ ಅವರ ಕ್ಷೇತ್ರದಿಂದಲೇ ಶಾಸಕರಾದವರು ಆ ಜನಕ್ಕೆ ಏನು ಉತ್ತರ ಕೊಡಬೇಕಿತ್ತು?

ಮನಸ್ಸಿಗೆ ಒಪ್ಪದಿದ್ದರೂ ಬಸು ಪಕ್ಷದ ಮಾತು ಮೀರಲಿಲ್ಲ. ಕಲ್ಕತ್ತಕ್ಕೆ ಮರಳಿ, 2000ದ ನವೆಂಬರ್‌ವರೆಗೆ ಮುಖ್ಯಮಂತ್ರಿಯಾಗಿಯೇ ದುಡಿದರು.