ಮೊದಲು ಪರೀಕ್ಷೆ ಎಲ್ಲ ಶಿಶುಗಳಿಗೂ ಸಿಗಲಿ
ಹುಟ್ಟಿನಿಂದ ಬರುವ ಚಯಾಪಚಯ ಕಾಯಿಲೆಗಳ (ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯಲ್ಲಿನ ದೋಷಗಳ) ಸಮ್ಮೇಳನದಲ್ಲಿ ಜೀನ್ ಥೆರಪಿ, ಅಂದರೆ ಜೀನ್ ದೋಷಕ್ಕೇ ಮಾಡುವ ಚಿಕಿತ್ಸೆಯ ಬಗ್ಗೆಯೇ ಜಾಸ್ತಿ ಚರ್ಚೆಯಾಯಿತು ಎಂದು ಬರೆದಿದ್ದೀರಿ. ಸಂತೋಷ. ಆದರೆ ಕಾಯಿಲೆ ಗೊತ್ತಾಗುವುದೇ ತಡವಾದರೆ ಏನು ಪ್ರಯೋಜನ? ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಎಂಬ ಇಂಥದೇ ಕಾಯಿಲೆ ನೋಡಿ. ಆಹಾರದ ಪ್ರೋಟೀನ್‌ನಲ್ಲಿರುವ ಫೀನೈಲಲನಿನ್ ಎಂಬ ಅಂಶವನ್ನು ಕರಗಿಸುವ ಎಂಜೈಮ್ ಕೆಲಸ ಮಾಡದೆ, ಅದು ರಕ್ತದಲ್ಲಿ ಏರಿ ಮಗುವಿನ ಮಿದುಳನ್ನೇ ಕೆಡಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಯಾದರೆ ಪಥ್ಯದಿಂದಲೇ ತಡೆಯಬಹುದು. ಪತ್ತೆಗೆ ಹಿಮ್ಮಡಿಯ ಕೆಲವು ಹನಿ ರಕ್ತ ಸಾಕು ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರಿ 1960ರ ದಶಕದಲ್ಲೇ ತೋರಿಸಿದ್ದರು. ನಮ್ಮಲ್ಲಿ ಇಂದಿಗೂ ಎಲ್ಲ ಶಿಶುಗಳಿಗೆ ಆ ಪರೀಕ್ಷೆ ಇಲ್ಲ. ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಇಂಥ ಕಾಯಿಲೆ ಬರುವ ಸಾಧ್ಯತೆ ಹೆಚ್ಚು; ಸೋದರಮಾವನ ಜೊತೆ ಮದುವೆ ಇನ್ನೂ ನಡೆಯುವ ನಮ್ಮ ಕಡೆ ಇದು ಬೇಕೇ ಬೇಕು, ಅಲ್ವಾ? 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಒಂದು ಎಂಜೈಮ್ ಕೊರತೆಯಿಂದ ಬರುವ ಗೋಶೆ ಕಾಯಿಲೆಯ ಮಗುವಿಗೆ ಆ ಎಂಜೈಮನ್ನು ಔಷಧಿಯಾಗಿ ಜೀವನಪೂರ್ತಿ ಕೊಡಬೇಕು. ಆ ಹಣ ಮುಗಿದ ಮೇಲೆ ಅಪ್ಪ-ಅಮ್ಮ ಯಾರ ಬಾಗಿಲು ತಟ್ಟಬೇಕು?