ಬಳ್ಳಾರಿ ಜೀನ್ಸಿಗೆ ತಿರುಪ್ಪೂರಿನ ಪಾಠ

ನಾನು ಬಳ್ಳಾರಿಯವನು, ಅನ್ನ ತಿನ್ನುತ್ತಿರುವುದು ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ. ಊರಿಗೆ ಬಂದಾಗ ಜೀನ್ಸ್ ಹೊಲಿಸುವ ಪರಿಚಯದವರು ಕೇಳುವುದು ಒಂದೇ ಮಾತು: "ಅಲ್ಲಿಯವ್ರ ಧಂದೆ ಇಷ್ಟು ವರ್ಷ ಹೆಂಗ್ ನಿಂತೈತಪ್ಪ?" ಹೊಸ ಮಷೀನು, ಸಬ್ಸಿಡಿ, ಎಕ್ಸ್‌ಪೋರ್ಟ್ ಆರ್ಡರ್ ಎಂದು ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಲ್ಲಿನಲ್ಲಿ ಕಾಣದ ಖರ್ಚನ್ನು ಕಂಪನಿ ತಾನು ಹೊರುತ್ತದೋ, ಪಕ್ಕದವರ ತಲೆಗೆ ಕಟ್ಟುತ್ತದೋ ಎನ್ನುವುದರ ಮೇಲೆ ಅದರ ಆಯುಷ್ಯ ನಿಂತಿದೆ.

ತಿರುಪ್ಪೂರಿನವರು ಹುಟ್ಟಿನಿಂದ ಸಜ್ಜನರಲ್ಲ. ವರ್ಷಗಟ್ಟಲೆ ಬಣ್ಣದ ನೀರನ್ನು ನೊಯ್ಯಲ್ ನದಿಗೆ ಬಿಟ್ಟರು. ಕೆಳಗಡೆ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಅದು ಬಂದು ನಿಂತಿತು. ಸುತ್ತಲಿನ ಹೊಲ, ಬಾವಿ ಕೆಟ್ಟವು. ರೈತರು ಕೋರ್ಟು ಹತ್ತಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಬಟ್ಟೆಗೆ ಬಣ್ಣ ಹಾಕುವ 700ಕ್ಕೂ ಹೆಚ್ಚು ಡೈಯಿಂಗ್ ಘಟಕಗಳು ಬಾಗಿಲು ಹಾಕಿದವು. ಬಟ್ಟೆ ಬೇರೆ ಊರಿಗೆ ಹೋಗಿ ಬಣ್ಣ ಹಾಕಿಸಿಕೊಂಡು ಬರುವ ಸ್ಥಿತಿ ಬಂತು.

ಆಮೇಲೆ ಅವರು ಮಾಡಿದ್ದು ನನಗೆ ದೊಡ್ಡದು. ಒಂದು ಆರ್ಡರಿಗಾಗಿ ಪೈಸೆ ಪೈಸೆಗೆ ಪೈಪೋಟಿ ಮಾಡುವ ಮಾಲೀಕರೇ ನೀರಿನ ವಿಷಯಕ್ಕೆ ಒಂದಾದರು. ಪಾಲು ಹಾಕಿ ಕಟ್ಟಿದ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಹೊರಗೆ ನೀರೇ ಬಿಡದ ಮಟ್ಟಕ್ಕೆ ತಂದರು. ಕಡುನೇರಳೆ ಬಣ್ಣದಲ್ಲಿ ಒಳಗೆ ಹೋದ ನೀರು ತೊಟ್ಟಿಗಳನ್ನು ದಾಟಿ, ಉಪ್ಪು ಸೋಸುವ ಆರ್‌ಒ ಯಂತ್ರ ದಾಟಿ, ತಿಳಿಯಾಗಿ ಪೈಪಿನಲ್ಲಿ ಅದೇ ಡೈಯಿಂಗ್ ಘಟಕಕ್ಕೆ ವಾಪಸು ಬರುತ್ತದೆ. ಉಳಿದ ಉಪ್ಪುನೀರನ್ನು ಕುದಿಸಿ ಇಂಗಿಸುತ್ತಾರೆ. ಕೊನೆಗೆ ಯಾವುದಕ್ಕೂ ಬಾರದ ಮಿಶ್ರ ಉಪ್ಪು ಚೀಲ ಚೀಲವಾಗಿ ಶೆಡ್ಡಿನಲ್ಲಿ ಬೀಳುತ್ತದೆ. ಅದನ್ನೇನು ಮಾಡಬೇಕೆಂಬುದು ಇನ್ನೂ ಬಗೆಹರಿಯದ ತಲೆನೋವು. ಕರೆಂಟು ಬಿಲ್ಲು ಕೂಡ ಸಣ್ಣದಲ್ಲ. ಆದರೂ ಈಗ ಖರೀದಿದಾರ ಬಂದು ಮೊದಲು ಕೇಳುವುದೇ ನೀರಿನ ಲೆಕ್ಕ, ಅದನ್ನು ಇವರು ಎದೆಯುಬ್ಬಿಸಿ ತೋರಿಸುತ್ತಾರೆ.

ನಮ್ಮ ಕಡೆ ಹೊಲಿದ ಪ್ಯಾಂಟು ವಾಷಿಂಗಿಗೆ ಹೋಗದೆ ಮಾರಾಟವಾಗುವುದಿಲ್ಲ. ಡ್ರಮ್ಮಿನಲ್ಲಿ ಕಲ್ಲು, ಎಂಜೈಮ್, ಬ್ಲೀಚ್ ಜೊತೆ ತಿರುಗಿ ಹೊರಬರುವ ಆ ನೀಲಿ ನೀರು ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ವಾಷಿಂಗ್ ಘಟಕಗಳಿಗೆ ಬೀಗ ಹಾಕಿಸಿದಾಗ ನಿಲ್ಲುವುದು ಬರೀ ಡ್ರಮ್ಮಲ್ಲ. ಕಟಿಂಗ್ ಮಾಸ್ಟರ್, ಟೈಲರ್, ಕೌಲ್ ಬಜಾರಿನಲ್ಲಿ ಮನೆಯ ಕಟ್ಟೆಯ ಮೇಲೆ ಬಂಡಲ್ ಇಟ್ಟುಕೊಂಡು ಪೀಸಿಗಿಷ್ಟು ಎಂದು ದಾರ ಕತ್ತರಿಸುವ ಅಕ್ಕಂದಿರು, ಎಲ್ಲರ ವಾರದ ಬಟವಾಡೆ ನಿಲ್ಲುತ್ತದೆ. ನನಗೆ ಸಂಕಟವಾಗುವುದು ಅವರನ್ನು ನೆನೆದು.

ಈ ಪಾಠವನ್ನು ನಮಗೆ ತಮಿಳುನಾಡೇ ಕಲಿಸಬೇಕೆಂದೂ ಇರಲಿಲ್ಲ. ಚೀನಾಕ್ಕೆ ನಮ್ಮ ಗಣಿಗಳ ಅದಿರು ಹೋಗುತ್ತಿದ್ದ ಕಾಲದಲ್ಲಿ ರಾತ್ರೋರಾತ್ರಿ ಎದ್ದ ಕಂಪನಿಗಳೆಷ್ಟು! 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಹೆಚ್ಚಿದ್ದ 'ಸಿ' ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು. ಅದೇ ಗುಡ್ಡಗಳಲ್ಲಿ 1954ರಿಂದ ಇರುವ ಸಂಡೂರು ಮ್ಯಾಂಗನೀಸ್ ಕಂಪನಿಗೂ ಆ ಪೆಟ್ಟು ಬಿತ್ತು, ಆದರೆ ಅದು ಮತ್ತೆ ಕೆಲಸ ಶುರುಮಾಡಿ ಇವತ್ತಿಗೂ ನಡೆಯುತ್ತಿದೆ. ಕಾರ್ಮಿಕರಿಗೆ ಬಹಳ ಹಳೆಯ ದರದಲ್ಲೇ ದವಸಧಾನ್ಯ ಕೊಡುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಇಂಥ ಖರ್ಚು ವ್ಯರ್ಥ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

"ನೀರಿಗೆ ರೊಕ್ಕ ಸುರುವಿದ್ರೆ ಪ್ಯಾಂಟಿನ ರೇಟು ಏರತೈತಿ, ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನ" ಎಂದು ಒಬ್ಬರು ನನಗೆ ಹೇಳಿದರು. ಒಬ್ಬರೇ ಮಾಡಿದರೆ ಹೌದು, ಹೋಗುತ್ತಾನೆ. ಅದಕ್ಕೇ ಒಟ್ಟಿಗೆ ಮಾಡಬೇಕು ಎನ್ನುವುದು. ಜೀನ್ಸ್ ಘಟಕಗಳನ್ನೆಲ್ಲ ಒಂದೆಡೆ ಸೇರಿಸುವ ಜೀನ್ಸ್ ಪಾರ್ಕಿನ ಮಾತು ಬಂದಾಗಲೆಲ್ಲ ಸೈಟು ಯಾರಿಗೆ ಎಂಬ ಚರ್ಚೆಯೇ ಮುಂದಿರುತ್ತದೆ. ಮೊದಲು ಸಾಮೂಹಿಕ ಶುದ್ಧೀಕರಣ ಘಟಕ, ಆಮೇಲೆ ಸೈಟು ಎಂದು ಮಾಲೀಕರೇ ಪಟ್ಟು ಹಿಡಿಯಲಿ. ಪ್ರತಿ ಪ್ಯಾಂಟಿನ ವಾಷಿಂಗ್ ದರಕ್ಕೆ ನೀರಿನ ಪಾಲು ಸೇರಿಸಿ, ಎಲ್ಲ ಘಟಕಗಳೂ ಒಂದೇ ತಾರೀಖಿನಿಂದ ಬಿಲ್ ಮಾಡಲಿ. ಆಗ ಮುಂಬೈ ವ್ಯಾಪಾರಿ ಬಳ್ಳಾರಿಯ ಯಾವ ಅಂಗಡಿಗೆ ಹೋದರೂ ಆ ಪಾಲು ಕೊಟ್ಟೇ ಪ್ಯಾಂಟು ಒಯ್ಯಬೇಕು.