ಅಮ್ಮನ ‘ಏನಿಲ್ಲ, ಗ್ಯಾಸ್ ಅಷ್ಟೇ’

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಎರಡು ಮಿದುಳಿನ ಚಿತ್ರ. ಗಂಡಸಿನದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಹೆಂಗಸಿನದು ಪೂರ್ತಿ ಕೆಂಪು. ಕೆಳಗೆ ‘ಸುಳ್ಳು ಹೇಳೋದು ಹೆಣ್ಣಿನ ಹುಟ್ಟುಗುಣ’ ಅಂತ ಬರೆದಿತ್ತು. ಚಿಕ್ಕಪ್ಪ ನಗುವ ಎಮೋಜಿ ಹಾಕಿದರು. ನನಗೆ ತುಂಬಾ ಬೇಜಾರಾಯ್ತು.

ಆ ಕೆಂಪು ಬಣ್ಣ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇಂಥ ಚಿತ್ರ ಬರುವುದು ಎಫ್‌ಎಂಆರ್‌ಐ ಅನ್ನುವ ಮಿದುಳಿನ ಸ್ಕ್ಯಾನ್‌ನಿಂದ. ಆ ಯಂತ್ರಕ್ಕೆ ಸುಳ್ಳು ಕಾಣುವುದಿಲ್ಲ. ಮಿದುಳಿನ ಯಾವ ಭಾಗದ ರಕ್ತದಲ್ಲಿ ಆಮ್ಲಜನಕ ಏರುಪೇರಾಯ್ತು ಅಂತ ಮಾತ್ರ ಅದು ಅಳೆಯುತ್ತದೆ. ಸುಳ್ಳು ಹೇಳುವಾಗ ಹಣೆಯ ಹಿಂದಿನ ಭಾಗ ಜಾಸ್ತಿ ದುಡಿಯುವುದು ಎಷ್ಟೋ ಪ್ರಯೋಗಗಳಲ್ಲಿ ಕಂಡಿದೆ. ದುಡಿಯಲೇಬೇಕಲ್ವಾ? ಬಾಯಿಗೆ ಬಂದ ನಿಜವನ್ನು ತಡೆಯಬೇಕು, ಬೇರೆ ಮಾತು ಕಟ್ಟಬೇಕು, ಎದುರಿಗಿರುವವರು ನಂಬಿದರಾ ಅಂತ ನೋಡಬೇಕು. ಲೆಕ್ಕ ಮಾಡುವಾಗಲೂ, ಕೋಪ ನುಂಗಿಕೊಳ್ಳುವಾಗಲೂ ದುಡಿಯುವುದು ಅದೇ ಭಾಗ. ಗುಂಪಿನ ಸರಾಸರಿಯಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಕಂಡರೂ, ಅದನ್ನು ಹಿಡಿದು ಒಬ್ಬ ಹೆಂಗಸಿನ ಗುಣ ಅಳೆಯಲು ಬರುವುದಿಲ್ಲ.

ಹೋದ ವರ್ಷ ನಮ್ಮಮ್ಮ ಎರಡು ತಿಂಗಳು ಸುಳ್ಳು ಹೇಳಿದಳು. ಜಯನಗರದಲ್ಲಿ ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ತರಕಾರಿ ಚೀಲ ಹಿಡಿದು ಬರುವಾಗ ಅರ್ಧದಲ್ಲಿ ನಿಲ್ಲುತ್ತಿದ್ದಳು. ನಾನು ಬಾಗಿಲು ತೆಗೆದ ಸದ್ದಾದರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗುತ್ತಿದ್ದಳು. ಕೇಳಿದರೆ ‘ಏನಿಲ್ಲ, ಗ್ಯಾಸ್ ಅಷ್ಟೇ’. ಜೀರಿಗೆ ನೀರು ಕುಡಿದು ಮಲಗುತ್ತಿದ್ದಳು. ಮೊಮ್ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಿದ್ದಳಂತೆ. ಪರೀಕ್ಷೆ ಮುಗಿದ ಮಾರನೇ ದಿನ ಬಾಯಿಬಿಟ್ಟಳು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು.

ಒಂದೇ ಮನೆಯಲ್ಲಿದ್ದು ನನಗೆ ಗೊತ್ತಾಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಸುಳ್ಳು ಮುಖದಲ್ಲೇ ಗೊತ್ತಾಗುತ್ತೆ ಅಂತೀವಿ. 2006ರಲ್ಲಿ ಸಂಶೋಧಕರು ಸುಳ್ಳು ಹಿಡಿಯುವ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು, 24,000ಕ್ಕೂ ಹೆಚ್ಚು ಜನರ ಊಹೆಗಳು. ನಿಜ ಯಾವುದು, ಸುಳ್ಳು ಯಾವುದು ಅಂತ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿ ಬರುತ್ತದೆ.

ಯಂತ್ರದ ಕಥೆಯೂ ಬೇರೆಯಲ್ಲ. ತಲೆಗೆ ತಂತಿ ಅಂಟಿಸಿ, ಮಿದುಳಿನ ವಿದ್ಯುತ್ ಅಲೆ ನೋಡಿ ಅಪರಾಧದ ನೆನಪು ಹುಡುಕುವ ಬ್ರೇನ್ ಮ್ಯಾಪಿಂಗ್‌ಗೆ ವೈಜ್ಞಾನಿಕ ಆಧಾರ ಸಾಲದು ಅಂತ 2008ರಲ್ಲೇ ನಮ್ಮ ನಿಮ್ಹಾನ್ಸ್ ನಿರ್ದೇಶಕರ ಮುಂದಾಳತ್ವದ ಸಮಿತಿ ಹೇಳಿತ್ತು. ನಮ್ಮ ರಾಜ್ಯದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡಕೂಡದು ಎಂದಿತು ಸುಪ್ರೀಂ ಕೋರ್ಟ್. ಪೊಲೀಸರೇ ಮಾಡಬಾರದ್ದನ್ನು ನಾವು ಫಾರ್ವರ್ಡ್ ನೋಡಿ ಮಾಡುತ್ತಿದ್ದೇವೆ.

ಅಮೆರಿಕದಲ್ಲಿ 2002ರಲ್ಲಿ ಅಪರಿಚಿತರನ್ನು 10 ನಿಮಿಷ ಮಾತಾಡಲು ಬಿಟ್ಟು ಸುಳ್ಳು ಎಣಿಸಿದರು. ಗಂಡಸರೂ ಹೆಂಗಸರೂ ಹೇಳಿದ್ದು ಹೆಚ್ಚುಕಮ್ಮಿ ಒಂದೇ ಲೆಕ್ಕ. ಹೆಂಗಸರದು ಎದುರಿನವರ ಮನಸ್ಸು ನೋಯದಿರಲಿ ಅನ್ನುವ ಸುಳ್ಳು ಜಾಸ್ತಿ, ಗಂಡಸರದು ತಮ್ಮನ್ನು ಮೇಲೆ ತೋರಿಸಿಕೊಳ್ಳುವುದು ಜಾಸ್ತಿ. ಓದಿದಾಗ ಅಮ್ಮನೇ ಕಣ್ಣ ಮುಂದೆ ಬಂದಳು. ಅನ್ನ ಕಮ್ಮಿ ಬಿದ್ದ ದಿನ ‘ನಂಗೆ ಹಸಿವಿಲ್ಲ, ನೀವು ಹಾಕ್ಕೊಳ್ಳಿ’ ಅಂದವಳು. ನಿನ್ನ ನೋವು ಕೊನೆಗೆ ಅಂತ ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದರು. ನಾವೂ ಬಡಿಸಿದ್ದನ್ನು ತಿಂದು ಎದ್ದು ಹೋದೆವು.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಚಿಕ್ಕಪ್ಪ ಫೋನ್ ಮಾಡಿ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರು.

‘ಹುಷಾರಾಗಿದೀಯಾ?’ ಅಂತ ಕೇಳುವುದನ್ನು ನಾನೀಗ ಬಿಟ್ಟಿದ್ದೇನೆ. ‘ಮೆಟ್ಟಿಲಲ್ಲಿ ಎಷ್ಟು ಸಲ ನಿಂತೆ?’ ಅಂತ ಕೇಳುತ್ತೇನೆ. ನಿನ್ನೆ ಚೀಲ ಕೆಳಗಿಟ್ಟು, ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಎರಡು ಸಲ’ ಅಂದಳು.